ನಾನೂರ ಹದಿನೆಂಟು ಅರ್ಜಿಗಳು

ವಿಶ್ವರಾಧ್ಯನ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಬಗೆಯ ಜನ. ಕಂಪ್ಯೂಟರ್ ಬಲ್ಲವರು ಒಂದು ಬಗೆ, ಕಂಪ್ಯೂಟರನ್ನು ಮುಟ್ಟಲೇಬಾರದವರು ಇನ್ನೊಂದು ಬಗೆ. ಮೊದಲ ಬಗೆಯಲ್ಲಿ ಇಡೀ ಶಹಾಪುರದಿಂದ ಒಬ್ಬನೇ ಒಬ್ಬನಿದ್ದ. ಅವನು ಯಾರೆಂದು ವಿಶ್ವರಾಧ್ಯ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಎದುರಿಗಿದ್ದವರೇ ತಿಳಿದುಕೊಳ್ಳಲಿ ಎಂದು ಸುಮ್ಮನಿರುತ್ತಿದ್ದ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ರಿಪೇರಿ ಅಂಗಡಿ. ಯಾರಾದರೂ ಕೆಟ್ಟ ಕಂಪ್ಯೂಟರ್ ತಂದಿಟ್ಟರೆ ಮೊದಲು ಅದನ್ನು ನೋಡುತ್ತಿದ್ದ, ಆಮೇಲೆ ತಂದವನನ್ನು ನೋಡುತ್ತಿದ್ದ, ಆಮೇಲೆ ಮೂಗಿನಲ್ಲೇ ಒಂದು ನಗೆ ನಗುತ್ತಿದ್ದ. "ಇದನ್ನ ಯಾರು ಮುಟ್ಯಾರ್ರಿ?" ಎಂಬುದು ಅವನ ಮೊದಲ ಪ್ರಶ್ನೆ. ತಂದವನು ಅಪರಾಧಿಯಂತೆ ತಲೆ ತಗ್ಗಿಸಿದ ಮೇಲೆಯೇ ಸ್ಕ್ರೂ ಡ್ರೈವರ್ ಕೈಗೆ ಬರುತ್ತಿತ್ತು. ಅವನಿಗೆ ಕೆಲಸ ಬರುತ್ತಿತ್ತೋ ಇಲ್ಲವೋ ಎಂದರೆ, ಬರುತ್ತಿತ್ತು. ಇಲ್ಲದಿದ್ದರೆ ಆ ಗತ್ತನ್ನು ಯಾರು ಸಹಿಸುತ್ತಿದ್ದರು? ಬಂದ ನಾಲ್ಕಕ್ಷರಕ್ಕೆ ನಲವತ್ತು ಅಕ್ಷರದ ಜಂಬ ಸೇರಿಸಿಕೊಂಡಿದ್ದ, ಅಷ್ಟೆ.

ಇಂಥವನ ಕೈಗೆ ಸುರಪುರದ ಚಂದಮ್ಮನ ಕಂಪ್ಯೂಟರ್ ಸಿಕ್ಕಿತು.

ಚಂದಮ್ಮ ತಹಶೀಲ್ದಾರ್ ಕಚೇರಿಯ ಎದುರಿನ ತಗಡಿನ ಶೆಡ್ಡಿನಲ್ಲಿ ಕುಳಿತು ಇಪ್ಪತ್ತು ವರ್ಷಗಳಿಂದ ಅರ್ಜಿ ಟೈಪು ಮಾಡುವ ಹೆಂಗಸು. ವೃದ್ಧಾಪ್ಯ ವೇತನ, ಪಹಣಿ ತಿದ್ದುಪಡಿ, ಮನೆ ಜಾಗ, ದಾರಿ ತಕರಾರು, ಏನೇ ಇದ್ದರೂ ಸುತ್ತಲಿನ ಹಳ್ಳಿಯವರು ಮೊದಲು ಹತ್ತುವುದು ಅವಳ ಕಟ್ಟೆ. ಅವಳ ಮಷೀನಿಗೆ ಹದಿನೆಂಟು ವರ್ಷ. ಅದು ಟೈಪಿಗೇನೋ ಸಾಕಿತ್ತು, ಆದರೆ ಈಗ ಅರ್ಜಿಗಳೆಲ್ಲ ಆನ್‌ಲೈನ್ ಆಗಿ ಆ ಹಳೆಯ ಮಷೀನಿನಲ್ಲಿ ಸರಕಾರದ ಪುಟ ತೆರೆಯುವುದೇ ನಿಂತುಹೋಗಿತ್ತು. ಹೊಸದು ಕೊಳ್ಳುವ ಬದಲು ಇದಕ್ಕೇ ಹೊಸ ಸಿಸ್ಟಂ ಹಾಕಿಸಿದರಾಯಿತು ಎಂದು ಯಾರೋ ಹೇಳಿದರು. ಯಾರಿಂದ ಹಾಕಿಸಬೇಕು ಎಂಬುದನ್ನೂ ಅವರೇ ಹೇಳಿದರು.

ಭಾನುವಾರ ಮುಂಜಾನೆ ವಿಶ್ವರಾಧ್ಯ ಬೈಕಿನ ಮೇಲೆ ಬಂದಿಳಿದಾಗ ಚಂದಮ್ಮ ಚೀಲ ಹಿಡಿದು ಹೊರಟು ನಿಂತಿದ್ದಳು. ಮುದನಾಳದಲ್ಲಿ ತಮ್ಮನ ಬಸುರಿ ಮಗಳ ಕುಬಸದ ಕಾರ್ಯ. ರಾತ್ರಿ ಅಲ್ಲೇ ಇದ್ದು ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಬರುವವಳು. ಶೆಡ್ಡಿನ ಕೀಲಿ ಅವನ ಕೈಗೆ ಕೊಟ್ಟು ಹೇಳಿದಳು.

"ತಮ್ಮಾ, ಒಂದೇ ಮಾತು. ಪರದೆ ಮ್ಯಾಲ ಇದ್ದದ್ದು ಹ್ಯಾಂಗದನೋ ಹಂಗೇ ಇರಬೇಕು. ಒಂದನ್ನೂ ಅಲ್ಲಾಡಸಬ್ಯಾಡ."

"ಅಕ್ಕಾರ, ಒಂದು ಫೈಲ್ ಹೋದ್ರೂ ನನ್ನ ಹೆಸರು ಬದಲಿ ಮಾಡ್ರಿ," ಎಂದ ವಿಶ್ವರಾಧ್ಯ. ಅವಳು ಹೇಳಿದ್ದೇನು, ಇವನು ಕೇಳಿಸಿಕೊಂಡದ್ದೇನು. ಆದರೆ ಇಂಥವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಚಾಳಿ ಅವನಿಗೆ ಎಂದೂ ಇರಲಿಲ್ಲ.

ಮಷೀನಿನ ಮೇಲೆ ಹೊದಿಸಿದ್ದ ಕೌದಿ ತೆಗೆದಾಗ ಮೊದಲ ನಗೆ ಬಂತು. ಪರದೆಯ ಗಾಜಿನ ಮೇಲೆ ಬೆರಳಿನ ಜಿಡ್ಡು ಕಂಡಾಗ ಎರಡನೆಯದು. ಮೂಲೆ ಮೂಲೆಯಲ್ಲಿ, ಒಂದೊಂದು ಕಡೆ ದಪ್ಪಗೆ, ಎಷ್ಟೋ ಜನ ಎಷ್ಟೋ ಸಲ ಬೆರಳೊತ್ತಿದ ಗುರುತು. "ಟೀವಿ ಅಂದ್ಕೊಂಡಾವ ಹಳ್ಳಿ ಮಂದಿ," ಎಂದು ಗೊಣಗಿಕೊಂಡು ಒದ್ದೆ ಬಟ್ಟೆಯಿಂದ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದ. ಮಷೀನ್ ಚಾಲೂ ಮಾಡಿದ ಮೇಲೆ ಬಂದದ್ದು ನಗೆಯಲ್ಲ, ಹೇಸಿಗೆ. ಹಸಿರು ಗುಡ್ಡ, ನೀಲಿ ಆಕಾಶದ ಆ ಹಳೆಯ ಚಿತ್ರದ ತುಂಬ ಫೈಲುಗಳು ಚೆಲ್ಲಾಡಿ ಬಿದ್ದಿದ್ದವು. ಒಂದು ಫೋಲ್ಡರ್ ಇಲ್ಲ. ಸಾಲಿಲ್ಲ, ಕ್ರಮವಿಲ್ಲ. ಕೆಲವು ಕಡೆ ಒಂದರ ಮೇಲೊಂದು ಹತ್ತಿ ಕುಳಿತಿದ್ದವು, ಕೆಲವು ಕಡೆ ಬಯಲು ಬಿಟ್ಟಿತ್ತು. ಹೆಸರುಗಳಂತೂ ಕೇಳಲೇಬೇಡಿ. ಒಂದಕ್ಕೆ ಕೆ, ಇನ್ನೊಂದಕ್ಕೆ ಕೆಕೆ, ಮತ್ತೊಂದಕ್ಕೆ ಜೆಜೆಜೆ, ಬರೀ ಒಂದು, ಬರೀ ಏಳು. ಕೈಗೆ ಸಿಕ್ಕ ಗುಂಡಿ ಒತ್ತಿ ಉಳಿಸಿಟ್ಟ ಹೆಸರುಗಳು.

"ಇಪ್ಪತ್ತು ವರ್ಷ ಕುಂತು ಇದನ್ನ ಕಲ್ತಾಳ ನೋಡು," ಎಂದು ಗೋಡೆಗೆ ಹೇಳಿದ.

ಅವಳ ಮಷೀನಿನ ತಾಕತ್ತಿಗೆ ತಕ್ಕ ಹಗುರ ಸಿಸ್ಟಮ್ಮುಗಳು ಇಲ್ಲದಿರಲಿಲ್ಲ. ಅವು ಅವನಿಗೆ ಗೊತ್ತೂ ಇದ್ದವು. ಆದರೆ ವಿಶ್ವರಾಧ್ಯ ಹಾಕಿದ ಮೇಲೆ ಎಲ್ಲಕ್ಕಿಂತ ಹೊಸದನ್ನೇ ಹಾಕಬೇಕು, ನೋಡಿದವರು ಬೆರಗಾಗಬೇಕು. ಈ ಮಷೀನಿಗೆ ಇದು ಹೊಂದುವುದಿಲ್ಲ ಎಂದು ಪರದೆಯೇ ಎಚ್ಚರಿಸಿತು. ಆ ಎಚ್ಚರಿಕೆಯನ್ನು ದಾಟುವ ಉಪಾಯ ಅವನಿಗೆ ಬಾಯಿಪಾಠವಾಗಿತ್ತು. ಫೈಲುಗಳನ್ನು ಎಣಿಸಿದ, ನಾನೂರ ಹದಿನೆಂಟು. ಅಷ್ಟನ್ನೂ ಪೆನ್‌ಡ್ರೈವಿಗೆ ಇಳಿಸಿದ, ಹಳೆಯದನ್ನೆಲ್ಲ ಅಳಿಸಿದ, ಹೊಸದನ್ನು ಹಾಕಿದ, ಫೈಲುಗಳನ್ನು ಮತ್ತೆ ತಂದು ಪರದೆಯ ಮೇಲೆ ಹಾಕಿ ಒಂದು ಗುಂಡಿ ಒತ್ತಿದ. ಅಷ್ಟೂ ಫೈಲುಗಳು ಎಡಗಡೆಯಿಂದ ಹಿಡಿದು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲು ಹಿಡಿದವು. ಹಿಡಿಸಲಾರದಷ್ಟನ್ನು ಒಂದು ಫೋಲ್ಡರಿಗೆ ತುಂಬಿ ಅದಕ್ಕೆ 'ಹಳೆಯವು' ಎಂದು ಹೆಸರಿಟ್ಟ. ಹೊತ್ತು ಮುಳುಗುವ ಮುಂಚೆ ತನ್ನ ಬೆನ್ನು ತಾನೇ ತಟ್ಟಿಕೊಂಡು, ಕೀಲಿಯನ್ನು ಪಕ್ಕದ ಹೋಟೆಲಿನಲ್ಲಿ ಕೊಟ್ಟು ಶಹಾಪುರಕ್ಕೆ ಹೋದ.

ಸೋಮವಾರ ಒಂಬತ್ತೂವರೆಗೆ ಮತ್ತೆ ಸುರಪುರದಲ್ಲಿ ಹಾಜರು. ಕೆಲಸ ಮುಗಿದಿತ್ತು, ಬರುವ ಅಗತ್ಯವಿರಲಿಲ್ಲ. ಹೊಗಳಿಕೆಯನ್ನು ಮುಖತಃ ಪಡೆಯಬೇಕಲ್ಲ, ಅದಕ್ಕೆ ಬಂದ.

ಚಂದಮ್ಮನ ಜೊತೆ ಇನ್ನೊಬ್ಬ ಹೆಂಗಸು ಕಟ್ಟೆಯ ಮೇಲೆ ಕುಳಿತಿದ್ದಳು. ಕಕ್ಕೇರಾದ ಸಾಯಬಮ್ಮ, ಅರವತ್ತರ ಆಸುಪಾಸು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಕಾಗದ. ಅವಳ ವ್ಯವಹಾರ ಇಷ್ಟೇ. ಅವಳು ಬದುಕುತ್ತಿರುವ ಮನೆಯ ಜಾಗ ತನ್ನದೆಂದು ಮೈದುನ ತಕರಾರು ತೆಗೆದಿದ್ದ. ಜಾಗವನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಸಾಯಬಮ್ಮ ಹಿಂದೆ ಯಾವಾಗಲೋ ಅರ್ಜಿ ಕೊಟ್ಟಿದ್ದಳು. ಕೊಟ್ಟೇ ಇಲ್ಲ ಎನ್ನುವುದು ಮೈದುನನ ವಾದ. ಅವಳ ಕೈಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದು ಮುಗಿಸಿತ್ತು. ಆ ಅರ್ಜಿಯ ತಾರೀಖೊಂದು ಸಿಕ್ಕರೆ ಕಚೇರಿಗೆ ಬಂದ ಕಾಗದ ಬರೆದಿಡುವ ಆವಕ ಪುಸ್ತಕದಲ್ಲಿ ನಮೂದು ಹುಡುಕಬಹುದು, ಇವತ್ತು ಮೂರು ಗಂಟೆಗೆ ಕೊನೆಯ ವಿಚಾರಣೆ, ಅಷ್ಟರೊಳಗೆ ತನ್ನಿ ಎಂದು ತಕರಾರಿನ ವಿಚಾರಣೆ ನಡೆಸುತ್ತಿದ್ದ ಯಾದಗಿರಿಯ ಸಾಹೇಬರು ಹೇಳಿದ್ದರು.

"ನಿಂದು ನನ್ನ ಹತ್ರ ಅದ, ನೀ ಯಾಕ ಅಂಜತಿ," ಎನ್ನುತ್ತ ಚಂದಮ್ಮ ಕುರ್ಚಿಗೆ ಕುಳಿತಳು. ಪರದೆ ನೋಡಿದಳು. ಕೈ ಮೌಸಿನ ಮೇಲೆ ಹೋಗಿ ಅಲ್ಲೇ ನಿಂತಿತು.

"ಇದೇನ ತಮ್ಮಾ ಇದು?"

"ಹೊಸಾ ಸಿಸ್ಟಂ ರೀ. ಇಡೀ ತಾಲೂಕಿನ್ಯಾಗ ಇಷ್ಟು ಹೊಸಾದು ಯಾರ ಹತ್ರನೂ ಇಲ್ಲ."

"ನನ್ನ ಅರ್ಜಿ ಎಲ್ಲಿ ಹೋದುವು?"

"ಎಲ್ಲಿ ಹೋಗ್ಯಾವ್ರಿ! ಒಂದೂ ಹೋಗಿಲ್ಲ. ಎಣಿಸಿಕೊಳ್ರಿ, ನಾನೂರ ಹದಿನೆಂಟು. ಚೆಲ್ಲಾಪಿಲ್ಲಿ ಬಿದ್ದಿದ್ವು, ಸಾಲು ಹಚ್ಚಿ ಇಟ್ಟೀನಿ."

ಚಂದಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ, ಸಿಟ್ಟಿಲ್ಲದೆ, ಪರದೆಯ ಒಂದೊಂದು ಕಡೆ ಬೆರಳಿಟ್ಟು ಹೇಳಿದಳು. "ಇಲ್ಲಿ ನಡುಮಧ್ಯ ಸುರಪುರ. ಮ್ಯಾಲ ಎಡಕ್ಕ ಕೆಂಭಾವಿ ಕಡಿದು. ಬಲಕ್ಕ ಶಹಾಪುರ ರಸ್ತೆ ಹಳ್ಳಿಗೋಳು. ತಳದಾಗ ಹೊಳಿದಂಡಿ, ತಿಂಥಣಿಯವ್ರು. ಇಲ್ಲಿ ಕೆಳಗ ಎಡಕ್ಕ ಕಕ್ಕೇರಾ. ಈಕಿದು ಮೂರನೇದು, ದಂಡಿಗೆ ಇತ್ತು. ಹೆಸರು ನೋಡಿ ನಾ ಎಂದೂ ತಗದಿಲ್ಲ. ಊರು ನೋಡಿ ತಗೀತಿದ್ದೆ."

ಆ ಚೆಲ್ಲಾಪಿಲ್ಲಿ ಇಡೀ ತಾಲೂಕಾಗಿತ್ತು. ಹಸಿರು ಗುಡ್ಡದ ಮೇಲೆ ಊರಿಗೊಂದು ಜಾಗ, ಊರಿನೊಳಗೆ ಓಣಿಗೊಂದು ಜಾಗ. ಅರ್ಜಿ ಬರೆದು ಮುಗಿಸಿ, ಕೈಗೆ ಬಂದ ಗುಂಡಿ ಒತ್ತಿ ಉಳಿಸಿ, ಎಳೆದುಕೊಂಡು ಹೋಗಿ ಅವರವರ ಊರಿನಲ್ಲಿ ಬಿಟ್ಟುಬರುತ್ತಿದ್ದಳು. ಕೆಲಸ ಮುಗಿದವನ್ನು ಅಳಿಸಿಬಿಡುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಒಂದು ಅರ್ಜಿ ಹುಡುಕಲು ಅವಳಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿದದ್ದಿಲ್ಲ. ವಿಶ್ವರಾಧ್ಯ ಒಂದು ಗುಂಡಿಯಲ್ಲಿ ತಾಲೂಕನ್ನೇ ಬಳಿದು ಗುಡ್ಡೆ ಹಾಕಿದ್ದ.

ಇಷ್ಟಾದ ಮೇಲೆ ಮನುಷ್ಯನಾದವನು ಏನನ್ನಬೇಕು? ತಪ್ಪಾಯಿತು ಎನ್ನಬೇಕು. ವಿಶ್ವರಾಧ್ಯ ನಕ್ಕ.

"ಇದು ಕಂಪ್ಯೂಟರ್ ಅಕ್ಕಾರ, ಗ್ವಾಡಿ ಮ್ಯಾಲಿನ ನಕಾಶಿ ಅಲ್ಲ. ಸರೀರಿ, ಸರ್ಚ್ ಮಾಡಿದ್ರ ಕ್ಷಣದಾಗ ಸಿಗತಾದ."

ಸಾಯಬಮ್ಮ ಎಂದು ಟೈಪು ಮಾಡಿ ಹುಡುಕಿದ. ಒಂದೂ ಸಿಗಲಿಲ್ಲ. ಕಕ್ಕೇರಾ ಎಂದು ಹುಡುಕಿದ. ಒಂದೂ ಸಿಗಲಿಲ್ಲ. ಹಳೆಯ ಫಾಂಟಿನಲ್ಲಿ ಬರೆದ ಅಕ್ಷರಗಳು ಹೊಸ ಸಿಸ್ಟಮ್ಮಿನ ಕಣ್ಣಿಗೆ ಕನ್ನಡವೇ ಆಗಿರಲಿಲ್ಲ. ತಾರೀಖಿನ ಪ್ರಕಾರ ಸಾಲು ಹಚ್ಚಿ ನೋಡಿದ. ಮಷೀನಿನ ಗಡಿಯಾರದ ಸೆಲ್ ಸತ್ತು ಎಷ್ಟು ವರ್ಷವಾಗಿತ್ತೋ, ಎಲ್ಲ ಅರ್ಜಿಗಳೂ ಒಂದೇ ದಿನ, ಎರಡು ಸಾವಿರದ ಎರಡನೆಯ ಇಸವಿಯ ಜನವರಿ ಒಂದರಂದು ಹುಟ್ಟಿದ್ದವು. ಇನ್ನು ಉಳಿದದ್ದು ಒಂದೇ ದಾರಿ. ಒಂದೊಂದಾಗಿ ತೆರೆದು ಓದಬೇಕು. ಹಳೆಯ ಫಾಂಟು ಹಾಕಿ ಮೊದಲ ಫೈಲ್ ತೆರೆದ. ಗೋಲಾಕಾರದ ಗುರುತು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ತೆರೆಯಲು ಎರಡು ನಿಮಿಷ ಹಿಡಿಯಿತು. ತಿಂಥಣಿಯ ಯಾರದೋ ದಾರಿ ತಕರಾರು. ಮುಚ್ಚಲು ಮತ್ತೆ ಅರ್ಧ ನಿಮಿಷ.

ಹತ್ತೂ ಮುಕ್ಕಾಲಿಗೆ ಯಾದಗಿರಿ ಬಸ್ಸು. ಚಂದಮ್ಮ ಎದ್ದಳು.

"ಈಕೀನ ಒಬ್ಬಾಕಿನ ಕಳಸಂಗಿಲ್ಲ, ಸಾಹೇಬ್ರ ಮುಂದ ಬಾಯಿ ಬರಂಗಿಲ್ಲ ಈಕಿಗೆ. ನಾ ಹೋಗ್ತೀನಿ. ನೀ ಹುಡುಕಿ ಫೋಟೊ ಹೊಡದು ನನ್ನ ಫೋನಿಗೆ ಕಳಸು, ಅಲ್ಲೇ ಪ್ರಿಂಟ್ ತಗಸ್ತೀನಿ. ಮೂರರ ಒಳಗ. ಈ ಮಷೀನ್ಯಾಗ ಆಗಂಗಿಲ್ಲಂತ ಕಾಣಸ್ತದ. ಎದುರಿಗೆ ಹಾಶಿಮನ ಹತ್ರ ಹೊಸಾ ಮಷೀನ್ ಅದಾವ. ನಿನ್ನ ಪೆನ್‌ಡ್ರೈವ್ ಅಲ್ಲಿ ಹಚ್ಚು."

"ಹಾಶಿಮನ ಹತ್ರ?" ವಿಶ್ವರಾಧ್ಯನ ಹುಬ್ಬು ಮೇಲೇರಿತು. "ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಸೋನ ಹತ್ರ ನಾ ಹೋಗಬೇಕೇನ್ರಿ? ನೀವು ನಡೀರಿ, ನಾ ಅದೀನಿ."

ಸಾಯಬಮ್ಮ ಹೋಗುವಾಗ ಅವನ ಮುಂದೆ ಕೈ ಮುಗಿದಳು. "ಅದೊಂದು ಹುಡುಕಿ ಕೊಡ್ರಿ ಸರ. ಇಲ್ಲಂದ್ರ ನನ್ನ ಮನಿ ಹೋಗತದ." ಅವಳು ಸರ್ ಎಂದದ್ದು ಅವನ ಕಿವಿಗೆ ಹಿತವಾಗಿ ಬಿತ್ತು. ಮನೆ ಹೋಗುತ್ತದೆ ಎಂದದ್ದು ಅಷ್ಟಾಗಿ ಬೀಳಲಿಲ್ಲ.

ಎರಡನೆಯ ಫೈಲ್, ಮೂರನೆಯ ಫೈಲ್. ಹನ್ನೊಂದೂವರೆಗೆ ಹದಿನೆಂಟು ಆಗಿದ್ದವು. ಕೆಂಭಾವಿಯಿಂದ ಒಬ್ಬ ಮುದುಕ ಬಂದು ಚಂದಮ್ಮನ ಕುರ್ಚಿಯಲ್ಲಿ ಕುಳಿತವನನ್ನು ಮೇಲಿಂದ ಕೆಳಗೆ ನೋಡಿ, ಬಗ್ಗಿ ಪರದೆಯ ಮೂಲೆಗೆ ಬೆರಳೊತ್ತಿದ. "ನಮ್ದು ಇಲ್ಲೇ ಇರ್ತಿತ್ತಲ್ಲ. ಯಾಕ, ಎತ್ತಿಟ್ಟೀರೇನು?" ನಿನ್ನೆ ಒರೆಸಿ ತೆಗೆದ ಜಿಡ್ಡು ಎಲ್ಲಿಯದೆಂದು ವಿಶ್ವರಾಧ್ಯನಿಗೆ ಆಗ ತಿಳಿಯಿತು. ತಾಲೂಕಿನ ಮುದುಕರಿಗೆ ಗೊತ್ತಿದ್ದದ್ದು ತನಗೆ ಗೊತ್ತಿರಲಿಲ್ಲ ಎಂಬುದು ಮಾತ್ರ ಆಗಲೂ ಗಂಟಲಲ್ಲಿ ಇಳಿಯಲಿಲ್ಲ. "ನಾಳಿ ಬರ್ರಿ," ಎಂದು ಗದರಿಸಿ ಕಳಿಸಿದ.

ಹನ್ನೆರಡಕ್ಕೆ ಪರದೆ ನೀಲಿಯಾಯಿತು. ಹೊಸ ಸಿಸ್ಟಮ್ಮು ತನ್ನನ್ನು ತಾನು ಇನ್ನಷ್ಟು ಹೊಸದು ಮಾಡಿಕೊಳ್ಳಲು ಹೊರಟಿತ್ತು, ದಯವಿಟ್ಟು ಬಂದ್ ಮಾಡಬೇಡಿ ಎಂದು ಬೇಡಿಕೊಂಡಿತು. ಶೇಕಡಾ ಎರಡು. ಶೇಕಡಾ ಮೂರು. ವಿಶ್ವರಾಧ್ಯ ಕೈ ಕಟ್ಟಿ ಕುಳಿತ. ಎದುರಿಗೆ, ರಸ್ತೆ ದಾಟಿದರೆ ಇಪ್ಪತ್ತು ಹೆಜ್ಜೆ, ಹಾಶಿಮನ ಆನ್‌ಲೈನ್ ಸೆಂಟರ್. ಒಳಗೆ ಎರಡು ಹೊಸ ಮಷೀನುಗಳು ಹೊಳೆಯುತ್ತಿದ್ದವು. ಪೆನ್‌ಡ್ರೈವ್ ಇವನ ಅಂಗಿಯ ಜೇಬಿನಲ್ಲೇ ಇತ್ತು. ಹೋಗಿ ಕೇಳಿದರೆ ಮುಗಿಯಿತು. ಆದರೆ ಹೋದ ವರ್ಷ ಇದೇ ಹಾಶಿಮ ಒಂದು ಸಣ್ಣ ಸಂಶಯ ಕೇಳಲು ಶಹಾಪುರದ ಅಂಗಡಿಗೆ ಬಂದಾಗ ನಾಲ್ಕು ಗಿರಾಕಿಗಳ ಮುಂದೆ ಇವನು ಹೇಳಿದ್ದ, "ನೀ ಝೆರಾಕ್ಸ್ ಹೊಡಕೋತ ಇರು, ಇದು ನಿನ್ನ ತಲಿಗೆ ಹೋಗೋದಲ್ಲ" ಎಂದು. ಈಗ ಅವನ ಬಾಗಿಲಲ್ಲಿ ನಿಂತು ಏನೆಂದು ಕೇಳುವುದು? ನಿನ್ನ ಮಷೀನು ಕೊಡು, ನಾನು ಕೆಡಿಸಿದ್ದೇನೆ ಎಂದೇ? ಅದಕ್ಕಿಂತ ಇಲ್ಲೇ ಕುಳಿತು ಶೇಕಡಾವಾರು ಎಣಿಸುವುದು ಲೇಸೆನಿಸಿತು. ಪಕ್ಕದ ಹೋಟೆಲಿನಿಂದ ಸೂಸಲಾ ಮಿರ್ಚಿ ತರಿಸಿ ತಿಂದ.

ಒಂದು ಗಂಟೆ ಹತ್ತು ನಿಮಿಷಕ್ಕೆ ಮಷೀನು ಕಣ್ಣು ಬಿಟ್ಟಿತು, ಮೊದಲಿಗಿಂತ ಮಂದವಾಗಿ. ಈಗ ಒಂದೊಂದು ಫೈಲಿಗೆ ಮೂರು ನಿಮಿಷ. ಚಂದಮ್ಮನ ಫೋನು ಒಂದೂವರೆಗೆ ಬಂತು, "ಹುಡುಕಾಕತ್ತೀನ್ರಿ" ಎಂದ. ಎರಡಕ್ಕೆ ಬಂತು, "ಇನ್ನೇನು ಬಂತ್ರಿ" ಎಂದ. ಎರಡೂವರೆಗೆ ಬಂದಾಗ, "ಹಾಶಿಮನ ಹತ್ರ ಹೋಗಿದ್ಯೇನು?" ಎಂದು ಕೇಳಿದಳು. "ಹೋಗಿದ್ದೆ, ಅವ ಇಲ್ಲ," ಎಂದುಬಿಟ್ಟ. ಆ ಹೊತ್ತಿಗೆ ಹಾಶಿಮ ತನ್ನ ಬಾಗಿಲಲ್ಲೇ ನಿಂತು ಚಹಾ ಕುಡಿಯುತ್ತಿದ್ದ.

ಎರಡೂ ಐವತ್ತಕ್ಕೆ ಐವತ್ತೊಂದನೆಯ ಫೈಲಿನ ಮೇಲೆ ಮಷೀನು ನಿಂತೇ ಹೋಯಿತು. ಆಗ ಎದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ರಸ್ತೆ ದಾಟಿ ಹೋಗಿ ಸಾಲಿನಲ್ಲಿದ್ದ ನಾಲ್ಕೈದು ಜನರನ್ನು ಸರಿಸಿ ಪೆನ್‌ಡ್ರೈವನ್ನು ಹಾಶಿಮನ ಮುಂದೆ ಇಟ್ಟು, ಆದಷ್ಟು ಉಡಾಫೆಯಿಂದ, "ಇದರಾಗೊಂದು ಅರ್ಜಿ ನೋಡೋದಿತ್ತು" ಎಂದ.

"ಬರ್ರಿ ಸರ, ಕೂಡ್ರಿ," ಎಂದ ಹಾಶಿಮ. ಯಾರದು, ಯಾವ ಊರು ಎಂದು ಎರಡು ಮಾತು ಕೇಳಿದ. ಹಳ್ಳಿಯವರ ಹಳೆಯ ಕಾಗದ ತೆರೆಯಲು ಆ ಹಳೆಯ ಫಾಂಟು ಅವನ ಮಷೀನಿನಲ್ಲಿ ಮೊದಲೇ ಇತ್ತು. ಫೈಲನ್ನು ತೆರೆಯದೆಯೇ ಪಕ್ಕದಲ್ಲಿ ಅದರ ಪುಟ ಕಾಣುವಂತೆ ಮಾಡಿಕೊಂಡು, ಕೆಳಬಾಣದ ಗುಂಡಿ ಒತ್ತುತ್ತ ಹೋದ. ಅರ್ಜಿಗಳು ಒಂದರ ಹಿಂದೊಂದು ಸರಿದವು. ಪ್ಲಾಸ್ಟಿಕ್ ಹೊದಿಸುವವನಿಗೆ ತಿಳಿದಿದ್ದ ಈ ಸಣ್ಣ ಉಪಾಯ, ಮುಂಜಾನೆಯಿಂದ ಸಿಟ್ಟಿನಲ್ಲಿ ಕುಳಿತ ವಿಶ್ವರಾಧ್ಯನ ತಲೆಗೆ ಹೊಳೆದೇ ಇರಲಿಲ್ಲ.

ಮುನ್ನೂರ ತೊಂಬತ್ತೊಂದನೆಯದು. ಅರ್ಜಿದಾರಳು ಸಾಯಬಮ್ಮ ಗಂಡ ನಿಂಗಪ್ಪ, ಸಾಕಿನ ಕಕ್ಕೇರಾ. ತಾರೀಖು ಒಂಬತ್ತು ಜುಲೈ ಎರಡು ಸಾವಿರದ ಹನ್ನೆರಡು. ನಾಲ್ಕೂ ಕಡೆಯ ಚಕ್ಕಬಂದಿ ಸಹಿತ ಎಲ್ಲ ಇತ್ತು. ಗೋಡೆಯ ಗಡಿಯಾರದಲ್ಲಿ ಮೂರೂ ಹದಿನೇಳು.

"ಮುಂಜಾನೆ ತಂದಿದ್ರ ಇಪ್ಪತ್ತೈದು ಮಿನಿಟಿನ ಕೆಲಸ ಇತ್ತಲ್ರಿ ಸರ," ಎಂದ ಹಾಶಿಮ, ಪ್ರಿಂಟಿಗೆ ಹಾಕುತ್ತ. ಆ ಮಾತಿನಲ್ಲಿ ಕುಟುಕೇನೂ ಇರಲಿಲ್ಲ.

ವಿಶ್ವರಾಧ್ಯ ಫೋಟೊ ಹೊಡೆದು ಕಳಿಸಿದ. ಕಳಿಸಿದ ಮರುಕ್ಷಣವೇ ಫೋನು ಬಂತು. ಚಂದಮ್ಮನ ಧ್ವನಿ ಇಡೀ ಅಂಗಡಿಗೆ ಕೇಳುವಷ್ಟು ದೊಡ್ಡದಾಗಿತ್ತು, ಬಯಲಲ್ಲಿ ನಿಂತು ಮಾತಾಡುತ್ತಿದ್ದಳು.

"ಈಗ ಕಳಸ್ತಿ? ಮೂರಕ್ಕ ಕೂಗಿದ್ರು. ಕಾಗದ ಎಲ್ಲಿ ಅಂದ್ರು. ಬರಾಕತ್ತದ್ರಿ ಅಂದೆ. ಹತ್ತು ಮಿನಿಟ ದಾರಿ ನೋಡಿದ್ರಪ್ಪ ಪಾಪ, ಅವರ ತಪ್ಪೇನದ. ವಜಾ ಅಂತ ಬರದು ಸಹಿ ಮಾಡಿ ಎದ್ರು. ಇನ್ನ ಅಪೀಲಿಗೆ ಕಲಬುರಗಿಗೆ ಅಡ್ಡಾಡಬೇಕು. ಅಷ್ಟರಾಗ ಆ ಮೈದುನ ಈಕೀನ ಮನಿಯಾಗ ಇರಗೊಡ್ತಾನೇನು? ಇಲ್ಲೇ ಮೆಟ್ಟಲ ಮ್ಯಾಲ ಕುಂತಾಳ, ಎಬ್ಬಿಸಿದ್ರ ಏಳವಲ್ಲಳು."

ವಿಶ್ವರಾಧ್ಯ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಸಿಕ್ಕಿದ್ದು ಎಲ್ಲಿ ಸಿಕ್ತು? ಹಾಶಿಮ ಬಂದ್ನೇನು? ಅವ ಹುಡುಕಿ ಕೊಟ್ನೇನು?"

ಹಾಶಿಮ ಮೂರು ಮೊಳ ದೂರದಲ್ಲಿದ್ದ. ಸಾಲಿನಲ್ಲಿದ್ದವರೆಲ್ಲ ಇವನ ಬಾಯನ್ನೇ ನೋಡುತ್ತಿದ್ದರು. ನಿಜ ಹೇಳಲು ಇಷ್ಟು ಸಾಕ್ಷಿ ಸಿಗುವುದು ಮನುಷ್ಯನಿಗೆ ಅಪರೂಪ.

"ಇಲ್ರಿ," ಎಂದ ವಿಶ್ವರಾಧ್ಯ. "ನಾನೇ ಹುಡುಕಿದೆ."

"ಇಷ್ಟೊತ್ತು ಹಿಡೀತೇನೋ ತಮ್ಮಾ?"

"ಏನ್ ಮಾಡ್ಲಿ ಅಕ್ಕಾರ, ನಿಮ್ಮ ಮಷೀನ್ ಭಾಳ ಹಳೇದು."

ಹಾಶಿಮ ಪ್ರಿಂಟರಿನಿಂದ ಹೊರಬಂದ ಹಾಳೆಯನ್ನು ತೆಗೆದ. ಮಡಚದೆ, ಇವನ ಮುಖ ನೋಡದೆ, ಕೌಂಟರಿನ ಆಚೆ ತುದಿಯಲ್ಲಿಟ್ಟ. ಪೆನ್‌ಡ್ರೈವನ್ನು ಕಿತ್ತು ಅದರ ಮೇಲಿಟ್ಟ. ಆಮೇಲೆ ಇವನು ಅಲ್ಲಿ ನಿಂತೇ ಇಲ್ಲವೇನೋ ಎಂಬಂತೆ ಇವನ ಹೆಗಲ ಮೇಲಿಂದ ಸಾಲಿನ ಕಡೆ ನೋಡಿ ಕರೆದ.

"ಹೂಂ, ಮುಂದ ಯಾರದೀರಿ? ಬರ್ರಿ."